ಎಐ ಏಜೆಂಟ್‌ಗೆ ಕೈಪಿಡಿ ಬರೆಯುವುದು ಹೇಗೆ?

ವೆಬ್‌ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್‌ನ ಒಂದು ಸೈಟಿನಿಂದ ಒಬ್ಬ ಬಳಕೆದಾರರನ್ನು ತೆಗೆಯಲು ಡಬ್ಲ್ಯೂಪಿ-ಸಿಎಲ್‌ಐ ಎಂಬ ಟೂಲ್‌ನಲ್ಲಿ ಒಂದೇ ಸಾಲು ಸಾಕು. 'ಡಬ್ಲ್ಯೂಪಿ ಯೂಸರ್ ಡಿಲೀಟ್' ಎಂದು ಬರೆದು ಐಡಿ ಕೊಟ್ಟರೆ ಆಯಿತು. ಆದರೆ 'ರೀಅಸೈನ್' ಆಯ್ಕೆ ಹಾಕಿ ಅವರ ಬರಹಗಳನ್ನು ಬೇರೆಯವರ ಹೆಸರಿಗೆ ದಾಟಿಸದಿದ್ದರೆ, ಅವರು ಬರೆದ ಲೇಖನಗಳೂ ಜೊತೆಯಲ್ಲೇ ಸೈಟಿನಿಂದ ಮಾಯವಾಗುತ್ತವೆ. ಮನುಷ್ಯರು ಟೈಪ್ ಮಾಡಿದಾಗ 'ಮುಂದುವರಿಯಲೇ?' ಎಂದು ಟೂಲ್ ಕೇಳುತ್ತದೆ. ನಮ್ಮ ಪರವಾಗಿ ತಾನೇ ಕಮಾಂಡ್ ಓಡಿಸಿ ಕೆಲಸ ಮುಗಿಸುವ ಎಐ ಏಜೆಂಟ್ ಮಾತ್ರ, ಕೆಲಸ ನಡುವೆ ನಿಲ್ಲದಿರಲಿ ಎಂದು 'ಯೆಸ್' ಆಯ್ಕೆಯನ್ನು ಮೊದಲೇ ಸೇರಿಸಿಬಿಡಬಹುದು. ಆಗ ಆ ಪ್ರಶ್ನೆ ಬರುವುದೇ ಇಲ್ಲ.

ಬ್ರೌಸರ್ ತೆರೆಯದೆ, ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಿಂದಲೇ ಸೈಟ್ ನಿಭಾಯಿಸಲು ಇರುವ ಟೂಲ್ ಡಬ್ಲ್ಯೂಪಿ-ಸಿಎಲ್‌ಐ. ಕ್ಲಾಡ್ ಕೋಡ್, ಕೋಡೆಕ್ಸ್‌ನಂಥ ಏಜೆಂಟ್‌ಗಳಿಗೆ ಇದರ ಕಮಾಂಡ್‌ಗಳು ಚೆನ್ನಾಗಿಯೇ ಗೊತ್ತು. ಗೊತ್ತಿಲ್ಲದ್ದು ನಿಮ್ಮ ಸೈಟ್. ಓದುಗರು ನೋಡುವ ಸೈಟ್ ಯಾವುದು, ಪ್ರಯೋಗಕ್ಕೆ ಇಟ್ಟ ನಕಲು ಯಾವುದು, ಬ್ಯಾಕಪ್ ಎಲ್ಲಿರುತ್ತದೆ ಎಂಬುದೆಲ್ಲ ಆಫೀಸಿನಲ್ಲಿ ಬಾಯಿಮಾತಿನಲ್ಲೇ ದಾಟಿಬಂದಿರುತ್ತದೆ. ಏಜೆಂಟ್‌ಗೆ ಅದು ತಿಳಿಯುವುದು ಹೇಗೆ? ನಾವೇ ಬರೆದಿಡಬೇಕು ಅಲ್ವಾ?

ಎಲ್ಲಿ ಬರೆಯಬೇಕು?

ಪ್ರಾಜೆಕ್ಟ್‌ನ ಮುಖ್ಯ ಫೋಲ್ಡರ್‌ನಲ್ಲಿ 'ಏಜೆಂಟ್ಸ್ ಡಾಟ್ ಎಂಡಿ' ಎಂಬ ಫೈಲ್ ಮಾಡಿ. 2025ರಲ್ಲಿ ಚಾಲ್ತಿಗೆ ಬಂದ ಈ ಪದ್ಧತಿಯನ್ನು ಕೋಡೆಕ್ಸ್ ಸೇರಿದಂತೆ ಹಲವು ಏಜೆಂಟ್‌ಗಳು ಅನುಸರಿಸುತ್ತವೆ. ಕ್ಲಾಡ್ ಕೋಡ್‌ಗೆ 'ಕ್ಲಾಡ್ ಡಾಟ್ ಎಂಡಿ' ಎಂಬ ತನ್ನದೇ ಫೈಲ್ ಇದೆ. ಅದರಲ್ಲಿ ಮೊದಲ ಫೈಲನ್ನು ಓದಿಕೊಳ್ಳಲು ಹೇಳುವ ಒಂದು ಸಾಲು ಹಾಕಿದರೆ ಎರಡು ಕಡೆ ಬರೆಯುವುದು ತಪ್ಪುತ್ತದೆ. ಇಲ್ಲಿ ಕಮಾಂಡ್‌ಗಳನ್ನು ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಕೊಟ್ಟಿದ್ದೇನೆ. ಫೈಲಿನಲ್ಲಿ ಮಾತ್ರ ಟರ್ಮಿನಲ್‌ನಲ್ಲಿ ಟೈಪ್ ಮಾಡುವ ಹಾಗೆಯೇ ಇರಲಿ.

ಫೈಲ್ ಚಿಕ್ಕದಾಗಿರಲಿ. ಪ್ರತಿ ಸಲ ಕೆಲಸ ಶುರುವಾದಾಗಲೂ ಏಜೆಂಟ್ ಅದನ್ನು ಪೂರ್ತಿ ಓದುತ್ತದೆ. ಸಾಲು ಜಾಸ್ತಿಯಾದಷ್ಟೂ ಮುಖ್ಯ ಮಾತು ಹಿಂದೆ ಸರಿಯುತ್ತದೆ. ಕಮಾಂಡ್‌ನ ವಿವರಗಳನ್ನೆಲ್ಲ ಸುಮ್ನೆ ನಕಲು ಮಾಡಬೇಡಿ. ಬೇಕಾದಾಗ 'ಡಬ್ಲ್ಯೂಪಿ ಹೆಲ್ಪ್' ಓಡಿಸಿ ನೋಡಿಕೋ ಎಂದರೆ ಸಾಕು.

ಏನು ಬರೆಯಬೇಕು?

ಮೊದಲ ಸಾಲುಗಳಲ್ಲೇ ಜಾಗ ಹೇಳಿ: ಅಸಲಿ ಸೈಟ್ ಇದು, ನಕಲು ಇದು, ನಿನ್ನ ಕೆಲಸ ನಕಲಿನಲ್ಲಿ ಮಾತ್ರ.

ಆಮೇಲೆ ಕಮಾಂಡ್‌ಗಳನ್ನು ಬೇರ್ಪಡಿಸಿ. ಸೈಟಿಗೆ ಸೇರಿಸಿಕೊಂಡ ಪ್ಲಗಿನ್‌ಗಳ (ಹೆಚ್ಚುವರಿ ಪ್ರೋಗ್ರಾಂಗಳ) ಪಟ್ಟಿ ಕೊಡುವ 'ಪ್ಲಗಿನ್ ಲಿಸ್ಟ್'ನಂಥವು ಬರೀ ನೋಡುವ ಕಮಾಂಡ್‌ಗಳು. ಅವನ್ನು ಕೇಳದೆಯೇ ಓಡಿಸಬಹುದು. 'ಪ್ಲಗಿನ್ ಅಪ್‌ಡೇಟ್' ಸೈಟನ್ನು ಬದಲಿಸುತ್ತದೆ. ಅದಕ್ಕೂ ಮುಂಚೆ 'ಡಿಬಿ ಎಕ್ಸ್‌ಪೋರ್ಟ್' ಮಾಡಿ ಡೇಟಾಬೇಸ್‌ನ ಪ್ರತಿ ತೆಗೆದಿಟ್ಟುಕೊಳ್ಳಬೇಕು. ಡೇಟಾಬೇಸ್ ಬರಿದು ಮಾಡುವ 'ಡಿಬಿ ರೀಸೆಟ್', ಮೇಲೆ ಹೇಳಿದ 'ಯೂಸರ್ ಡಿಲೀಟ್' ಇವುಗಳಿಗೆ ಮನುಷ್ಯರ ಒಪ್ಪಿಗೆ ಬೇಕೇ ಬೇಕು. ಇವುಗಳ ಜೊತೆ 'ಯೆಸ್' ಆಯ್ಕೆ ಹಾಕಬಾರದು ಎಂದು ಬಿಡಿಸಿ ಬರೆಯಿರಿ.

ಬರೀ 'ಮಾಡಬೇಡ' ಎಂದರೆ ಸಾಲದು, ಕಾರಣವೂ ಬೇಕು. ಒಂದು ಉದಾಹರಣೆ ನೋಡಿ. ಸೈಟಿನ ವಿಳಾಸ 'ಎಚ್‌ಟಿಟಿಪಿ'ಯಿಂದ 'ಎಚ್‌ಟಿಟಿಪಿಎಸ್'ಗೆ ಬದಲಾಗಬೇಕಿದೆ. ಏಜೆಂಟ್ ನೇರವಾಗಿ ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಬರೆದು ಡೇಟಾಬೇಸ್‌ನಲ್ಲೇ ಪದ ಬದಲಿಸಲು ಹೊರಡಬಹುದು. ಆದರೆ ವರ್ಡ್‌ಪ್ರೆಸ್ ಹಲವು ಸೆಟಿಂಗ್‌ಗಳನ್ನು ತಾನು ಬರೆಯಲ್ಪಟ್ಟ ಪಿಎಚ್‌ಪಿ ಭಾಷೆಯ ಸೀರಿಯಲೈಸ್ಡ್ ರೂಪದಲ್ಲಿ, ಅಂದರೆ ಒಂದೇ ಸಾಲಿನ ಪಠ್ಯವಾಗಿ ಇಡುತ್ತದೆ. ಅಲ್ಲಿ ಪ್ರತಿ ಪಠ್ಯದ ಜೊತೆ ಅದರ ಉದ್ದವೂ ಬರೆದಿರುತ್ತದೆ. ವಿಳಾಸಕ್ಕೆ ಒಂದು 'ಎಸ್' ಸೇರಿದರೆ ಉದ್ದ 1 ಹೆಚ್ಚಾಗುತ್ತದೆ, ಬರೆದಿಟ್ಟ ಸಂಖ್ಯೆ ಹಳೆಯದೇ ಉಳಿಯುತ್ತದೆ. ಆಮೇಲೆ ವರ್ಡ್‌ಪ್ರೆಸ್‌ಗೆ ಆ ಸೆಟಿಂಗ್ ಓದಲು ಬರುವುದಿಲ್ಲ. 'ಸರ್ಚ್-ರಿಪ್ಲೇಸ್' ಕಮಾಂಡ್ ಈ ಸಂಖ್ಯೆಯನ್ನೂ ಸರಿಮಾಡುತ್ತದೆ. ಅದಕ್ಕೆ 'ಡ್ರೈ-ರನ್' ಆಯ್ಕೆ ಕೊಟ್ಟರೆ ಏನನ್ನೂ ಮುಟ್ಟದೆ, ಎಷ್ಟು ಕಡೆ ಬದಲಾವಣೆ ಆಗಲಿದೆ ಎಂದು ತೋರಿಸುತ್ತದೆ. ಇಷ್ಟನ್ನೂ ನಾಲ್ಕು ಸಾಲಿನಲ್ಲಿ ಬರೆಯಿರಿ. ಕಾರಣ ತಿಳಿದ ಏಜೆಂಟ್, ನೀವು ಬರೆಯದೇ ಬಿಟ್ಟ ಇಂಥದ್ದೇ ಇನ್ನೊಂದು ಸಂದರ್ಭದಲ್ಲೂ ಎಚ್ಚರ ವಹಿಸುವ ಸಾಧ್ಯತೆ ಹೆಚ್ಚು.

ಮೌನವನ್ನೂ ವಿವರಿಸಬೇಕು. 'ಕೋರ್ ಈಸ್-ಇನ್‌ಸ್ಟಾಲ್ಡ್' ಏನನ್ನೂ ಮುದ್ರಿಸುವುದಿಲ್ಲ. ಕಮಾಂಡ್ ಮುಗಿದಾಗ ಸದ್ದಿಲ್ಲದೆ ಹಿಂತಿರುಗಿಸುವ ಸಂಖ್ಯೆಯಾದ ಎಕ್ಸಿಟ್ ಕೋಡ್‌ನಲ್ಲೇ ಉತ್ತರವಿದೆ: ವರ್ಡ್‌ಪ್ರೆಸ್ ಇದ್ದರೆ 0, ಇಲ್ಲದಿದ್ದರೆ 1. ಪಟ್ಟಿ ಕೊಡುವ ಕಮಾಂಡ್‌ಗಳಿಗೆ 'ಫಾರ್ಮ್ಯಾಟ್' ಆಯ್ಕೆಯಲ್ಲಿ ಜೇಸನ್ (ಪ್ರೋಗ್ರಾಂಗಳು ಸುಲಭವಾಗಿ ಓದುವ ಪಠ್ಯರೂಪ) ಕೇಳಲು ಹೇಳಿ. ಟರ್ಮಿನಲ್‌ನ ಕೋಷ್ಟಕವನ್ನು ತಪ್ಪಾಗಿ ಓದುವ ಅವಕಾಶ ಕಡಿಮೆಯಾಗುತ್ತದೆ.

ಇನ್ನೊಂದು ಮಾತು ಬಿಡಬೇಡಿ. ಸರ್ವರ್‌ನ ಪೂರ್ಣ ಅಧಿಕಾರವಿರುವ 'ರೂಟ್' ಬಳಕೆದಾರರಾಗಿ ಓಡಿಸಿದರೆ ಈ ಟೂಲ್ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ. ದಾಟಿಕೊಳ್ಳುವ ದಾರಿಯನ್ನೂ ಆ ಎಚ್ಚರಿಕೆಯೇ ಹೇಳುತ್ತದೆ: 'ಅಲೋ-ರೂಟ್' ಸೇರಿಸಿ. ಏಜೆಂಟ್ ಅದನ್ನು ಓದಿ ಸೇರಿಸಿಬಿಟ್ಟರೆ, ಸೈಟಿನ ಪ್ರತಿ ಪ್ಲಗಿನ್‌ನ ಕೋಡ್‌ಗೂ ಇಡೀ ಸರ್ವರ್‌ನ ಅಧಿಕಾರ ಸಿಕ್ಕಂತೆ. ಯಾವ ಲಿನಕ್ಸ್ ಬಳಕೆದಾರರ ಹೆಸರಿನಲ್ಲಿ ಓಡಿಸಬೇಕು ಎಂದು ಮೊದಲೇ ಬರೆದಿಡಿ.

ಬರೆದದ್ದೇ ಬೀಗವಲ್ಲ

2025ರ ಜುಲೈನಲ್ಲಿ ರೆಪ್ಲಿಟ್ ಕಂಪನಿಯ ಏಜೆಂಟ್ ಒಬ್ಬ ಗ್ರಾಹಕರ ಅಸಲಿ ಡೇಟಾಬೇಸನ್ನೇ ಅಳಿಸಿತು. ಯಾವ ಬದಲಾವಣೆಯೂ ಬೇಡ ಎಂದು ಅದಕ್ಕೆ ಮೊದಲೇ ಹೇಳಲಾಗಿತ್ತು. ಪ್ರಯೋಗದ ಡೇಟಾಬೇಸನ್ನು ಅಸಲಿಯಿಂದ ಬೇರೆ ಮಾಡುವ ವ್ಯವಸ್ಥೆಯನ್ನು ಕಂಪನಿ ಆಮೇಲೆ ಪ್ರಕಟಿಸಿತು. ಹಾಗಾಗಿ ಅಸಲಿ ಸರ್ವರ್‌ನ ಕೀಲಿಯನ್ನು ಏಜೆಂಟ್‌ಗೆ ಕೊಡಲೇಬೇಡಿ. ಡಬ್ಲ್ಯೂಪಿ-ಸಿಎಲ್‌ಐನ ಕಾನ್ಫಿಗ್ ಫೈಲಿನಲ್ಲಿ 'ಡಿಸೇಬಲ್ಡ್ ಕಮಾಂಡ್ಸ್' ಎಂಬ ಪಟ್ಟಿಗೂ ಜಾಗವಿದೆ. ಅಲ್ಲಿ 'ಡಿಬಿ ಡ್ರಾಪ್', 'ಡಿಬಿ ರೀಸೆಟ್' ಹಾಕಿ. ಆ ಫೈಲನ್ನು ಏಜೆಂಟ್ ತಿದ್ದಲು ಆಗದಂತೆ ಪರ್ಮಿಶನ್ ಬಿಗಿಮಾಡಿ.

ಓದಿಸಿ ನೋಡಿ

ಹೊಸ ಸೆಷನ್ ತೆರೆದು, ಪ್ರಯೋಗಕ್ಕೆ ಇಟ್ಟ ನಕಲಿನಲ್ಲಿ ಒಂದು ಕೆಲಸ ಕೊಡಿ. 'ಕೆಲಸ ಬಿಟ್ಟುಹೋದ ಒಬ್ಬ ಲೇಖಕರ ಖಾತೆ ತೆಗೆಯಬೇಕು' ಎಂದಷ್ಟೇ ಹೇಳಿ. ಯಾವ ಕಮಾಂಡ್‌ಗಳನ್ನು ಯಾವ ಕ್ರಮದಲ್ಲಿ ಓಡಿಸುತ್ತೀಯ ಎಂದು ಮೊದಲು ಕೇಳಿ. ಬ್ಯಾಕಪ್ ಮರೆತರೆ, ಲೇಖನಗಳು ಯಾರ ಹೆಸರಿಗೆ ಹೋಗಬೇಕು ಎಂದು ನಿಮ್ಮನ್ನು ಕೇಳದಿದ್ದರೆ, ಚಾಟ್‌ನಲ್ಲಿ ತಿದ್ದಿ ಸುಮ್ಮನಾಗಬೇಡಿ. ಫೈಲನ್ನು ತಿದ್ದಿ, ಆ ಸೆಷನ್ ಮುಚ್ಚಿ, ಇನ್ನೊಂದು ಹೊಸ ಸೆಷನ್‌ನಲ್ಲಿ ಅದೇ ಕೆಲಸವನ್ನು ಮತ್ತೆ ಕೊಡಿ.