ಯುದ್ಧಕಾಲದ ಇಂಗ್ಲಿಷ್ ಫುಟ್‌ಬಾಲ್ ದಾಖಲೆಗಳನ್ನು ಓದುವ ಕ್ರಮ

1939ರಿಂದ 1946ರವರೆಗಿನ ಇಂಗ್ಲಿಷ್ ಫುಟ್‌ಬಾಲಿನ ದಾಖಲೆಗಳನ್ನು ಓದಲು ಕುಳಿತವರು, ಎದುರಿಗಿರುವ ಪಂದ್ಯ ಅಧಿಕೃತ ಲೀಗ್‌ನ ಲೆಕ್ಕಕ್ಕೆ ಸೇರಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. 1939ರ ಆಗಸ್ಟ್ 26ರಂದು ಹೊಸ ಋತು ಆರಂಭವಾಯಿತು. ಸೆಪ್ಟೆಂಬರ್ 2ರ ಶನಿವಾರ ಎಂದಿನಂತೆ ಆಟ ನಡೆಯಿತು. ಮರುದಿನ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಆಡಿದ ಮೂರೂ ಪಂದ್ಯಗಳನ್ನು ಗೆದ್ದು ಆರು ಅಂಕಗಳೊಡನೆ ಬ್ಲ್ಯಾಕ್‌ಪೂಲ್ ಆಗ ಮೊದಲ ಸ್ಥಾನದಲ್ಲಿತ್ತು. ಲೀಗ್ ನಿಂತಿತು, ಆ ಪಂದ್ಯಗಳನ್ನೂ ದಾಖಲೆಯಿಂದ ಕೈಬಿಡಲಾಯಿತು. ಹೀಗಾಗಿ ಆ ಶನಿವಾರ ಸಂಡರ್‌ಲ್ಯಾಂಡ್ ವಿರುದ್ಧ ಆರ್ಸೆನಲ್‌ನ ಟೆಡ್ ಡ್ರೇಕ್ ಹೊಡೆದ ನಾಲ್ಕು ಗೋಲುಗಳು ಅವರ ಅಧಿಕೃತ ಲೀಗ್ ಗೋಲುಗಳಲ್ಲಿ ಸಿಗುವುದಿಲ್ಲ. ಆ ಕಾಲದ ಆಟಗಾರನೊಬ್ಬನ ಗೋಲುಗಳ ಸಂಖ್ಯೆ ಎರಡು ಕಡೆ ಬೇರೆಬೇರೆಯಾಗಿ ಕಂಡರೆ, ತಪ್ಪು ಹುಡುಕುವ ಮೊದಲು ಈ ಮೂರು ಪಂದ್ಯಗಳನ್ನು ಕೂಡಿಸಿ, ಕಳೆದು ನೋಡುವುದು ಒಳ್ಳೆಯದು.

ಚಾಂಪಿಯನ್ನರ ಪಟ್ಟಿಯಲ್ಲಿ 1939ರ ಎವರ್ಟನ್‌ನ ನಂತರ ನೇರವಾಗಿ 1947ರ ಲಿವರ್‌ಪೂಲ್‌ನ ಹೆಸರು ಬಂದರೆ ಅದು ಅಚ್ಚಿನ ದೋಷವಲ್ಲ.

ನಡುವಿನ ವರ್ಷಗಳಲ್ಲಿ ಪ್ರಾದೇಶಿಕ ಲೀಗ್‌ಗಳು ನಡೆದವು. ಅವುಗಳ ಪಟ್ಟಿಯನ್ನು ಓದುವಾಗ ಸ್ಥಾನ ನಿರ್ಣಯದ ನಿಯಮವನ್ನು ಮೊದಲೇ ತಿಳಿದಿರಬೇಕು. 1940–41ರಲ್ಲಿ ಎಲ್ಲ ಕ್ಲಬ್‌ಗಳೂ ಸಮಾನ ಸಂಖ್ಯೆಯ ಪಂದ್ಯಗಳನ್ನು ಆಡಲಾಗದ ಕಾರಣ, ಅಂಕಗಳನ್ನು ಬಿಟ್ಟು ಗೋಲು ಸರಾಸರಿಯನ್ನು, ಅಂದರೆ ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು, ಆಧಾರವಾಗಿ ಇಟ್ಟುಕೊಳ್ಳಲಾಯಿತು. ಉತ್ತರದಲ್ಲಿ ಪ್ರೆಸ್ಟನ್, ದಕ್ಷಿಣದಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಮೊದಲ ಸ್ಥಾನ ಪಡೆದದ್ದು ಈ ಲೆಕ್ಕದಲ್ಲಿ.

ಹೆಚ್ಚಿನ ಎಚ್ಚರ ಬೇಕಾಗುವುದು ತಂಡದ ಪಟ್ಟಿಯನ್ನು ಓದುವಾಗ. ಸೇನೆಗೆ ಸೇರಿದ ಆಟಗಾರನು ತಾನಿದ್ದ ಶಿಬಿರದ ಹತ್ತಿರದ ಕ್ಲಬ್ಬಿಗೆ ಅತಿಥಿಯಾಗಿ ಆಡಬಹುದಿತ್ತು. ದಂಡು ಬೀಡುಬಿಟ್ಟಿದ್ದ ಆಲ್ಡರ್‌ಶಾಟ್‌ನ ಸಾಧಾರಣ ಕ್ಲಬ್ಬಿಗೆ ಕ್ಲಿಫ್ ಬ್ರಿಟನ್, ಸ್ಟ್ಯಾನ್ ಕಲಿಸ್, ಜೋ ಮರ್ಸರ್ ಎಂಬ ಇಂಗ್ಲೆಂಡ್ ತಂಡದ ಮಧ್ಯಪಂಕ್ತಿಯೇ ದೊರಕಿತು. ಆದ್ದರಿಂದ ಆ ಕಾಲದ ಗೆಲುವನ್ನು ಕ್ಲಬ್ಬಿನ ಬಲವೆಂದು ಬಗೆಯುವ ಮುನ್ನ ಹನ್ನೊಂದು ಹೆಸರುಗಳನ್ನೂ ಒಂದೊಂದಾಗಿ ನೋಡಬೇಕು.

ಸೋಲಿಗೂ ಇದೇ ಮಾತು ಅನ್ವಯಿಸುತ್ತದೆ. 1940ರ ಕ್ರಿಸ್‌ಮಸ್ ದಿನ ನಾರ್ವಿಚ್ 18–0 ಅಂತರದಿಂದ ಬ್ರೈಟನ್ನನ್ನು ಸೋಲಿಸಿತು ಎಂಬ ಸಾಲು ಕಂಡೊಡನೆ ಬ್ರೈಟನ್ನಿನ ಬಗ್ಗೆ ಕನಿಕರ ಮೂಡುವುದು ಸಹಜ. ಆದರೆ ಬ್ರೈಟನ್ ಅಂದು ಬಂದದ್ದು ಐದೇ ಆಟಗಾರರೊಂದಿಗೆ. ಉಳಿದ ಸ್ಥಾನಗಳನ್ನು ತುಂಬಿದವರು ನಾರ್ವಿಚ್‌ನ ಮೀಸಲು ಆಟಗಾರರು ಮತ್ತು ಆಟ ನೋಡಲು ಬಂದಿದ್ದ ಸೈನಿಕರು. ಇಂಥ ಅಂಕಿಗಳನ್ನು ದಾಖಲೆಯ ಗೆಲುವುಗಳ ಸಾಲಿನಲ್ಲಿ ಸೇರಿಸುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಕೊನೆಯದಾಗಿ, 1946–47ರ ವೇಳಾಪಟ್ಟಿಯನ್ನು 1939–40ರದರ ಪಕ್ಕದಲ್ಲಿಟ್ಟು ನೋಡಿ: ಕೈಬಿಟ್ಟ ಋತುವಿನ ಪಟ್ಟಿಯನ್ನೇ ಮತ್ತೆ ಬಳಸಲಾಗಿದೆ. ಮೊದಲ ದಿನ ವುಲ್ವ್ಸ್ ತಂಡದ ಅಂಗಳದಲ್ಲಿ ಆರ್ಸೆನಲ್ ಆಡಿದ ಪಂದ್ಯ ಎರಡು ಸಲ ಕಾಣುತ್ತದೆ. 1939ರ 2–2 ಲೆಕ್ಕಕ್ಕಿಲ್ಲ. 1946ರಲ್ಲಿ ಆರ್ಸೆನಲ್ 6–1ರಿಂದ ಸೋತದ್ದು ಮಾತ್ರ ಲೆಕ್ಕಕ್ಕಿದೆ.