ಬಾಲ ಗಟ್ಟಿಯಾದರೆ ಸಿರಿಂಜ್ ಕದಲದು

ಧನು ತಿಂಗಳ ಬೆಳಗ್ಗೆ ಬದಿಯಡ್ಕ ಕಡೆಯ ನಮ್ಮ ಮನೆಯಲ್ಲಿ ತೆಂಗಿನೆಣ್ಣೆ ಬಾಟ್ಲಿಯೊಳಗೇ ಬೆಳ್ಳಗೆ ಕಟ್ಟಿರುತ್ತದೆ. ಪಕ್ಕದ ಎಳ್ಳೆಣ್ಣೆಗೆ ಏನೂ ಆಗಿರುವುದಿಲ್ಲ. "ಮಗಾ, ಬಾಟ್ಲಿ ಬಿಸಿಲಿಗಿಡು" ಎಂದು ಅಮ್ಮ ಹೇಳುವುದನ್ನು ಕೇಳಿಕೊಂಡೇ ಬೆಳೆದವಳು ನಾನು. ಆದರೂ ಲ್ಯಾಬಿನಲ್ಲಿ ಮೊದಲ ಸಲ ಲೈಪೋಸೋಮ್, ಅಂದರೆ ಲಿಪಿಡ್ ಎಂಬ ಕೊಬ್ಬಿನಂಥ ಅಣುಗಳ ಪೊರೆಯಿರುವ ಪುಟ್ಟ ಗುಳ್ಳೆ, ಮಾಡಲು ಕೂತಾಗ ಅದು ನೆನಪಿಗೇ ಬರಲಿಲ್ಲ.

ಕ್ಲೋರೋಫಾರ್ಮಿನಲ್ಲಿ ಕರಗಿಸಿದ ಲಿಪಿಡನ್ನು ಫ್ಲಾಸ್ಕಿನ ಗೋಡೆಗೆ ತೆಳು ಪದರವಾಗಿ ಒಣಗಿಸಿ, ಬಫರ್ (ಆಮ್ಲತೆ ಸುಲಭಕ್ಕೆ ಬದಲಾಗದ ನೀರಿನ ದ್ರಾವಣ) ಹಾಕಿ ಕುಲುಕಿದರೆ ಹಾಲಿನಂಥ ದ್ರವ. ಅದನ್ನು 100 ನ್ಯಾನೋಮೀಟರ್ ತೂತುಗಳ ಫಿಲ್ಟರಿನ ಆಚೀಚೆ ಎರಡು ಸಿರಿಂಜ್‌ಗಳಿಂದ ಹನ್ನೊಂದು ಸಲವೋ ಇಪ್ಪತ್ತೊಂದು ಸಲವೋ ದೂಡಬೇಕು. ಬೆಸ ಸಂಖ್ಯೆಯೇ ಆಗಬೇಕು. ಕೊನೆಗೆ ಮಾಲು ಎದುರಿನ ಸಿರಿಂಜಿನಲ್ಲಿ ಸಿಕ್ಕರೆ ತೂರದೆ ಉಳಿದ ದೊಡ್ಡವು ಅದಕ್ಕೆ ಸೇರುವುದಿಲ್ಲ. ನನ್ನದು ಎರಡನೇ ಸಲಕ್ಕೇ ನಿಂತಿತು. ಹಟ ಮಾಡಿ ಒತ್ತಿದೆ, ಫಿಲ್ಟರ್ ಹರಿಯಿತು.

ನಾನು ತೆಗೆದುಕೊಂಡ ಲಿಪಿಡ್ ಡಿಪಿಪಿಸಿ. ಇಂಥ ಅಣುವಿಗೆ ಒಂದು ತಲೆ, ಕಾರ್ಬನ್ ಸರಪಳಿಯ ಎರಡು ಬಾಲ. ಅದರ ಎರಡೂ ಬಾಲಗಳಲ್ಲಿ ಹದಿನಾರು ಹದಿನಾರು ಕಾರ್ಬನ್, ಎಲ್ಲೂ ದ್ವಿಬಂಧವಿಲ್ಲ. ನೆಟ್ಟಗಿನ ಬಾಲಗಳು ಸೋಗೆ ಕಟ್ಟಿನಂತೆ ಒತ್ತೊತ್ತಾಗಿ ಕೂರುತ್ತವೆ, 41 ಡಿಗ್ರಿ ದಾಟದೆ ಸಡಿಲವಾಗುವುದಿಲ್ಲ. ಹದಿನೆಂಟು ಕಾರ್ಬನ್ನಿನ ಡಿಎಸ್‌ಪಿಸಿಗೆ 55 ಬೇಕು, ಹದಿನಾಲ್ಕರ ಡಿಎಂಪಿಸಿಗೆ 24 ಸಾಕು. ಡಿಒಪಿಸಿಯಲ್ಲೂ ಹದಿನೆಂಟೇ. ಆದರೆ ಪ್ರತಿ ಬಾಲದ ನಡುವೆ ಒಂದು ದ್ವಿಬಂಧವಿದ್ದು ಅಲ್ಲಿ ಬಾಲ ಸೊಟ್ಟಗಾಗುತ್ತದೆ. ಅಷ್ಟಕ್ಕೇ ಲೆಕ್ಕ ಮೈನಸ್ 17ಕ್ಕೆ ಇಳಿಯುತ್ತದೆ! ನಾಲ್ಕಕ್ಕೂ ತಲೆ ಒಂದೇ.

ಆಮೇಲೆ ಲೋಹದ ಬ್ಲಾಕನ್ನು 50 ಡಿಗ್ರಿಗೆ ಕಾಯಿಸಿ, ಸಿರಿಂಜ್‌ಗಳನ್ನೂ ಅದರಲ್ಲೇ ಹದಿನೈದು ನಿಮಿಷ ಬಿಟ್ಟು ದೂಡಿದೆ. ಬೆಣ್ಣೆಯ ಹಾಗೆ ಹೋಯಿತು.

ಸೋರಿಕೆ ನೋಡಲು ಗುಳ್ಳೆಗಳ ಒಳಗೆ ಕ್ಯಾಲ್ಸೀನ್ ಬಣ್ಣ ತುಂಬಿಸಿದೆ. ದಟ್ಟವಾಗಿದ್ದಾಗ ಅದು ಮಂಕು, ಹೊರಗೆ ಸೋರಿ ತೆಳುವಾದರೆ ಹಸಿರಾಗಿ ಹೊಳೆಯುತ್ತದೆ. ಹೊರಗಿನ ಬಫರಿಗೆ ಉಪ್ಪು ಸೇರಿಸಿ ಒಳಗಿನಷ್ಟೇ ಸಾಂದ್ರತೆಗೆ ತರಬೇಕು. ಇಲ್ಲದಿದ್ದರೆ ನೀರು ನುಗ್ಗಿ ಸುಮ್ಮಸುಮ್ಮನೆ ಸೋರುತ್ತದೆ. ಮೆಲ್ಲಗೆ ಬಿಸಿ ಏರಿಸಿದೆ. 37ರವರೆಗೆ ಹೆಚ್ಚೇನಿಲ್ಲ. 41ರ ಹತ್ತಿರ ಒಮ್ಮೆಲೇ ಹೊಳಪು ಜಿಗಿಯಿತು. ಕ್ಯುವೆಟ್ (ದ್ರವ ಹಾಕಿ ಹೊಳಪು ಅಳೆಯುವ ಪುಟ್ಟ ಪಾತ್ರೆ) ಕೊಳೆಯಾಗಿರಬೇಕು ಎಂದುಕೊಂಡು ತೊಳೆದು ಇನ್ನೊಮ್ಮೆ ಮಾಡಿದೆ, ಅದೇ ಕತೆ. ಪೊರೆ ಪೂರ್ತಿ ಸಡಿಲವಾದಾಗ ಹೆಚ್ಚು ಸೋರೀತು ಎಂದು ನಾನು ಎಣಿಸಿದ್ದೆ. ಹೆಚ್ಚು ಸೋರುವುದು ಅರ್ಧ ಗಟ್ಟಿ, ಅರ್ಧ ಸಡಿಲ ಇರುವ ಹೊತ್ತಿನಲ್ಲಿ, ಆ ಎರಡರ ಅಂಚಿನ ಸಂದಿಯಲ್ಲಿ. ಗಡ್ಡೆಯನ್ನು ಬಿಸಿ ಮಾಡಿ ಮದ್ದನ್ನು ಅಲ್ಲೇ ಬಿಡಿಸುವ ಉಪಾಯವನ್ನು 1978ರಲ್ಲೇ ಹೇಳಿದವರು ನೆಚ್ಚಿಕೊಂಡದ್ದೂ ಈ ಗುಣವನ್ನೇ. ನೂರರಲ್ಲಿ ನಲ್ವತ್ತು ಅಣು ಕೊಲೆಸ್ಟರಾಲ್ ಬೆರೆಸಿದ ದಿನ ಆ ಜಿಗಿತ ಕಾಣಲೇ ಇಲ್ಲ.

ಡಿಎಂಪಿಸಿ ಮಾತ್ರ ತಿಂಗಳಿಡೀ ಸತಾಯಿಸಿತು. ಮೇಜಿನ ಮೇಲೆ ಸುಮ್ಮನಿಟ್ಟರೂ ಕೆಲವು ದಿನ ಸೋರುತ್ತಿತ್ತು, ಕರೆಂಟು ಹೋದ ದಿನ ಅಷ್ಟಿಲ್ಲ. "ಚೇಚಿ, ಎಸಿ ಎಷ್ಟರಲ್ಲಿದೆ?" ಎಂದು ಕೇಳಿದವಳು ನೀಲೇಶ್ವರದ ಜೂನಿಯರ್. ತಿರುಗಿ ನೋಡಿದೆ. 24.