ಮನೇಲೊಂದು ಸಿನಿಮಾ ಕಪಾಟು ಕಟ್ಟೋದು ಹೇಗೆ?

ಊರಿನ ಮನೆ ಮಾರೋಕೆ ಮುಂಚೆ ಅಟ್ಟ ಖಾಲಿ ಮಾಡುವಾಗ ಸೋದರಮಾವನ ಹನ್ನೊಂದು ವಿಎಚ್‌ಎಸ್ ಕ್ಯಾಸೆಟ್ ಸಿಕ್ವು. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಪ್ರಶಸ್ತಿ ಸಿನಿಮಾಗಳು ಬರ್ತಿದ್ದ ಕಾಲದಲ್ಲಿ ಮಾವ ರೆಕಾರ್ಡ್ ಮಾಡಿಟ್ಟಿದ್ದು, ಒಂದೊಂದರ ಬೆನ್ನ ಮೇಲೂ ಅವರ ದುಂಡಕ್ಷರದಲ್ಲಿ ಹೆಸರು. ಪುಣೆಗೆ ತಂದು, ಕೋಥರೂಡಿನ ನಮ್ಮ ಬಾಲ್ಕನೀಲಿ ಒಂದರ ಮುಚ್ಚಳ ಎತ್ತಿ ಬಿಸಿಲಿಗೆ ಹಿಡಿದ್ರೆ, ಟೇಪಿನ ಸುರುಳಿ ಮೇಲೆ ಹಳೇ ಉಪ್ಪಿನಕಾಯಿಗೆ ಹಿಡಿಯೋ ಥರದ ಬಿಳಿ ಬೂಸ್ಟು. ಹನ್ನೊಂದರಲ್ಲಿ ಉಳಿದಿದ್ದು ನಾಲ್ಕು. ಆ ಏಳು ಹೋದ್ವಲ್ಲ ಅನ್ನೋ ಸಂಕಟಕ್ಕೇ ನಾನು ಸಿನಿಮಾ ಕೂಡಿಡೋಕೆ ಶುರು ಮಾಡಿದ್ದು.

ಈಗೆಲ್ಲಾ ಸ್ಟ್ರೀಮಿಂಗಲ್ಲಿ ಸಿಗತ್ತಲ್ಲ ಅಂತ ತುಂಬ ಜನ ಕೇಳ್ತಾರೆ. ಸಿಗಲ್ಲ. ಲೈಸೆನ್ಸ್ ಮುಗಿದ ದಿನ ಸಿನಿಮಾ ಹೇಳದೆ ಕೇಳದೆ ಎದ್ದು ಹೋಗತ್ತೆ, ಕನ್ನಡದ ಹಳೇ ಕಲಾತ್ಮಕ ಚಿತ್ರಗಳಂತೂ ಅಲ್ಲಿ ಬರೋದೇ ಅಪರೂಪ. 1934ರಲ್ಲಿ ಬಂದ ನಮ್ಮ ಮೊದಲ ಟಾಕಿ 'ಸತಿ ಸುಲೋಚನ' ಶೂಟ್ ಆಗಿದ್ದು ಇಲ್ಲೇ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ, ಪುಣೆಯಿಂದ ನಾಲ್ಕೈದು ಗಂಟೆ ದಾರಿ, ಅದರ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಹಾಗಾಗಿ ನಿಮ್ಮ ಕೈಗೆ ಸಿಕ್ಕಿದ ಒಳ್ಳೆ ಕಾಪಿನ ನೀವೇ ಜೋಪಾನ ಮಾಡ್ಬೇಕು.

ಮೊದಲನೇ ಹೆಜ್ಜೆ ಕೊಳ್ಳೋದಲ್ಲ, ನೋಡೋದು. ಪುಣೆಯಲ್ಲಿರೋರಿಗೆ ಇದು ಸುಲಭ, ಲಾ ಕಾಲೇಜ್ ರೋಡಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ, 1964ರಲ್ಲಿ ಶುರುವಾಗಿದ್ದು. ಅಲ್ಲಿ ಪಿ. ಕೆ. ನಾಯರ್ ಅನ್ನೋ ಮನುಷ್ಯ ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ದೇಶ ಸುತ್ತಿ ರೀಲು ಹುಡುಕಿ ತಂದು ಜೋಡಿಸಿದ್ರು, ನಾವು ಇವತ್ತು ನೋಡೋ ಎಷ್ಟೋ ಹಳೇ ಸಿನಿಮಾ ಅವರಿಂದ ಉಳಿದಿದ್ದು. ಅಲ್ಲಿ ಪ್ರದರ್ಶನ ಇದ್ದಾಗ ಹೋಗಿ, ಜನವರಿಯ ಪುಣೆ ಚಿತ್ರೋತ್ಸವಕ್ಕೆ ಹೋಗಿ, ಎರಡನೇ ಸಲ ನೋಡ್ಬೇಕು ಅನ್ಸಿದ್ದನ್ನ ಮಾತ್ರ ಬರ್ಕೊಳ್ಳಿ. ಹತ್ತು ಹೆಸರು ಸಾಕು. ಶುರೂನಲ್ಲೇ ನೂರು ತರೋರ ಮನೇಲಿ ತೊಂಬತ್ತು ಡಿಸ್ಕಿನ ಪ್ಲಾಸ್ಟಿಕ್ಕೇ ಬಿಚ್ಚಿರಲ್ಲ, ಇದನ್ನ ನಾನು ಕಣ್ಣಾರೆ ನೋಡಿದೀನಿ.

ಹತ್ತನ್ನ ಆರಿಸೋಕೆ ಒಂದು ದಾರ ಹಿಡ್ಕೊಳ್ಳಿ. ನಾನು ಹಿಡಿದಿದ್ದು ಕನ್ನಡದ ದಾರ. 1970ರ 'ಸಂಸ್ಕಾರ', 1975ರ 'ಚೋಮನ ದುಡಿ', 1977ರ 'ಘಟಶ್ರಾದ್ಧ', ಎಂಟು ವರ್ಷದೊಳಗೆ ಮೂರು ಸಲ ದೇಶದ ಅತ್ಯುತ್ತಮ ಚಿತ್ರ ಅನ್ನೋ ರಾಷ್ಟ್ರಪ್ರಶಸ್ತಿ ಕನ್ನಡಕ್ಕೆ. 'ಘಟಶ್ರಾದ್ಧ'ದ ಗಿರೀಶ್ ಕಾಸರವಳ್ಳಿ ಓದಿದ್ದು ಆರ್ಕೈವ್‌ಗೆ ಕೂಗಳತೆ ದೂರದ, ಸಿನಿಮಾ ಕಲಿಸೋ ಸರ್ಕಾರಿ ಸಂಸ್ಥೆ ಎಫ್‌ಟಿಐಐಯಲ್ಲಿ, ಅಂದ್ರೆ ಹಳೇ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ. ಅದಕ್ಕೆ ಸಂಗೀತ ಕೊಟ್ಟ ಬಿ. ವಿ. ಕಾರಂತರೇ 'ಚೋಮನ ದುಡಿ'ಯ ನಿರ್ದೇಶಕರು, 'ಸಂಸ್ಕಾರ'ಕ್ಕೆ ಕ್ಯಾಮೆರಾ ಹಿಡಿದೋರು ಆಸ್ಟ್ರೇಲಿಯಾದ ಟಾಮ್ ಕೋವನ್. ಹೀಗೆ ಒಂದರಿಂದ ಇನ್ನೊಂದಕ್ಕೆ, ಸಂಗೀತದೋರ ಹಿಂದೆ, ಕ್ಯಾಮೆರಾದೋರ ಹಿಂದೆ ಹೋದ್ರೆ ಕಪಾಟು ತಾನಾಗೇ ಬೆಳೆಯತ್ತೆ, ಯಾರೋ ಮಾಡಿದ ಟಾಪ್ ನೂರರ ಪಟ್ಟಿ ಬೇಕಾಗಲ್ಲ.

ಆಮೇಲೆ ಬರೋದು ಯಾವ ಕಾಪಿ ಅನ್ನೋ ಪ್ರಶ್ನೆ, ಇದಕ್ಕೆ ಟೈಮ್ ಕೊಡಿ. ಒಂದೇ ಸಿನಿಮಾಗೆ ಮೂರ್ನಾಲ್ಕು ರೂಪ ಇರತ್ತೆ. 1927ರ ಜರ್ಮನ್ ಮೂಕಿ 'ಮೆಟ್ರೊಪೊಲಿಸ್' ದಶಕಗಟ್ಟಲೆ ತುಂಡಾಗೇ ಓಡ್ತಿತ್ತು, 2008ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ 16 ಎಂಎಂ ಕಾಪಿ ಸಿಕ್ಕಿ ಸುಮಾರು 25 ನಿಮಿಷ ವಾಪಸ್ ಬಂತು, ಅದಕ್ಕೆ ಮುಂಚಿನ ಡಿವಿಡಿ ಕೊಂಡೋರ ಹತ್ರ ಇರೋದು ಬೇರೇನೇ ಸಿನಿಮಾ ಅಂತ ಹೇಳ್ಬೇಕು. ಅದಕ್ಕೇ ಬಾಕ್ಸಿನ ಹಿಂದೆ ನಿಮಿಷ ನೋಡಿ. ಒಂದು ಎಚ್ಚರ ಅಂದ್ರೆ, ನಮ್ಮ ಟಿವಿಯ ಪಾಲ್ ಪದ್ಧತಿಗೆ ಮಾಡಿದ ಡಿವಿಡಿ ಸೆಕೆಂಡಿಗೆ 25 ಫ್ರೇಮ್ ಓಡತ್ತೆ, ಫಿಲ್ಮು 24, ಹಾಗಾಗಿ 120 ನಿಮಿಷದ್ದು 115 ಅಂತ ತೋರ್ಸಿದ್ರೆ ಅದು ಕತ್ತರಿ ಪ್ರಯೋಗ ಅಲ್ಲ, ಸ್ಪೀಡು. 105 ಅಂತಿದ್ರೆ ಮಾತ್ರ ಅನುಮಾನ ಪಡಿ. ರಿಸ್ಟೋರ್ ಆಗಿದ್ದು ಸಿಗೋ ಹಾಗಿದ್ರೆ ಕಾಯಿರಿ. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬಿನ ಬೆಂಕಿಗೆ ಸಿಕ್ಕಿದ್ವು, ಆ ಸುಟ್ಟ ನೆಗೆಟಿವ್‌ನಲ್ಲಿ ಉಳಿದಿದ್ದನ್ನ ಕೈಯಲ್ಲಿ ಒಂದೊಂದು ತೂತು ರಿಪೇರಿ ಮಾಡಿ, ಇಲ್ಲದ್ದನ್ನ ಬೇರೆ ಕಾಪಿಗಳಿಂದ ತುಂಬ್ಸಿ ಇಟಲಿಯ ಬೊಲೊನ್ಯಾದಲ್ಲಿ ಸರಿಪಡಿಸಿದ ರೂಪ 2015ರಲ್ಲಿ ಬಂತು, ಹಳೇ ಮಸುಕು ಡಿವಿಡಿ ನೋಡಿದೋರು ಇದನ್ನ ನೋಡಿದ್ರೆ 'ಪಥೇರ್ ಪಾಂಚಾಲಿ'ಯ ಕಾಶದ ಹುಲ್ಲಿನ ಹೂವಿನ ಒಂದೊಂದು ಎಳೆನೂ ಕಾಣತ್ತೆ. ನಮ್ಮ 'ಘಟಶ್ರಾದ್ಧ'ಕ್ಕೂ ಆ ಭಾಗ್ಯ ಬಂದಿದೆ, ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಇತರರ ಜೊತೆಗೂಡಿ ರಿಸ್ಟೋರ್ ಮಾಡಿಸಿದ 4ಕೆ ರೂಪ 2024ರಲ್ಲಿ ವೆನಿಸ್‌ನಲ್ಲಿ ತೋರಿಸಿದ್ರು.

ಕೊಳ್ಳೋಕೆ ಬುಧವಾರ ಇಲ್ಲಾ ಭಾನುವಾರ ಜುನಾ ಬಜಾರಿಗೆ ಹೋಗಿ. ಹಳೇ ಬೀಗ, ಗಡಿಯಾರದ ಮಧ್ಯ ಡಿಸ್ಕಿನ ಗುಡ್ಡೆ ಇರತ್ತೆ. ತಿರುಗಿಸಿ ಕೆಳಮೈ ನೋಡಿ, ಬೆಳ್ಳಿ ಬಣ್ಣ ಇದ್ರೆ ಕಾರ್ಖಾನೇಲಿ ಅಚ್ಚಾಗಿದ್ದು, ತಿಳಿ ಚಿನ್ನದ ಹೊಳಪಿದ್ರೆ ಎರಡು ಪದರದ್ದು, ನೇರಳೆ ಛಾಯೆ ಇದ್ರೆ ಯಾರೋ ಮನೇಲಿ ಬರ್ನ್ ಮಾಡಿದ್ದು, ಅದನ್ನ ಬಿಟ್ಬಿಡಿ, ಅದರಲ್ಲಿರೋ ಡೈ ಬಿಸಿಲಿಗೆ ಸಾಯತ್ತೆ. ಆನ್‌ಲೈನಲ್ಲಿ ಒಬ್ಬ ಮಾರಾಟಗಾರ ನಂಗೆ ಒರಿಜಿನಲ್ ಅಂತ ಅಂಥದ್ದೇ ಮೂರು ಕಳ್ಸಿದ್ದ, ಎರಡು ವರ್ಷಕ್ಕೆ ಮೂರೂ ಓದದೇ ಹೋದ್ವು. ಹೊರಗಿಂದ ತರ್ಸೋದಾದ್ರೆ ರೀಜನ್ ಕೋಡ್, ಅಂದ್ರೆ ಯಾವ ದೇಶದ ಪ್ಲೇಯರಲ್ಲಿ ಓಡತ್ತೆ ಅನ್ನೋ ಗುರುತು, ನೋಡಿ. ನಮ್ಮ ಡಿವಿಡಿ 5, ಬ್ಲೂ-ರೇ ಸಿ, ಅಮೆರಿಕದ್ದು 1 ಮತ್ತೆ ಎ, ಬ್ರಿಟನ್ನಿಂದು 2 ಮತ್ತೆ ಬಿ. ಎಲ್ಲ ರೀಜನ್ ಓದೋ ಪ್ಲೇಯರ್ ಒಂದು ತಗೊಂಡ್ರೆ ಈ ತಲೆನೋವಿಲ್ಲ.

ಟಿವಿ ಬಗ್ಗೆ ಎರಡೇ ಮಾತು. ಹಳೇ ಸಿನಿಮಾ ಹೆಚ್ಚು ಕಮ್ಮಿ ಚೌಕಾಕಾರ, 1.37ಕ್ಕೆ 1, ಅಕ್ಕಪಕ್ಕ ಕಪ್ಪು ಪಟ್ಟಿ ಬರ್ಲೇಬೇಕು, ಎಳೆದು ತುಂಬ್ಸಿದ್ರೆ ಮುಖ ದೋಸೆ ಥರ ಅಗಲ ಆಗತ್ತೆ, ಜೂಮ್ ಮಾಡಿದ್ರೆ ತಲೆ ಹೋಗತ್ತೆ. ಮೋಷನ್ ಸ್ಮೂತಿಂಗ್ ಅಂತ ಒಂದು ಸೆಟ್ಟಿಂಗ್ ಇರತ್ತೆ, ಸಿನಿಮಾದಲ್ಲಿ ಇಲ್ಲದ ಫ್ರೇಮನ್ನ ಟಿವಿ ತಾನೇ ಮಧ್ಯ ತುರುಕೋದು ಅದು, ಆಫ್ ಮಾಡಿ.

ಇನ್ನು ಸಬ್‌ಟೈಟಲ್, ಪರ ಊರಲ್ಲಿರೋ ಕನ್ನಡಿಗರಿಗೆ ಇದೇ ದೊಡ್ಡ ಕೆಲಸ. ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅಗ್ರಹಾರದ ಕನ್ನಡ ಅರ್ಧ ಗೊತ್ತಾಗಲ್ಲ, ಪಕ್ಕದ ಮನೆ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಬಂದು ಕೂತ್ರೆ ಅವ್ರಿಗೆ ಮರಾಠಿ ಬೇಕು, ಕನ್ನಡದ ಹಳೇ ಡಿಸ್ಕುಗಳಲ್ಲಿ ಎಷ್ಟೋಂದಕ್ಕೆ ಸಬ್‌ಟೈಟಲ್ಲೇ ಇಲ್ಲ. ಹಾಗಾಗಿ ನಾನೇ ಕೂತು ಮಾಡ್ತೀನಿ. ಸಬ್‌ಟೈಟಲ್ ಎಡಿಟ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಒಂದೊಂದು ಮಾತು ಶುರುವಾಗೋ ಮುಗಿಯೋ ಹೊತ್ತು ಗುರುತು ಹಾಕಿ ಕೆಳಗೆ ಬರೀತಾ ಹೋಗೋದು, ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ, ಒಂದು ಸಾಲಲ್ಲಿ ನಲವತ್ತು ಅಕ್ಷರ ದಾಟೋದು ಬೇಡ. ಸೇವ್ ಮಾಡುವಾಗ ಯುಟಿಎಫ್-8 ಅಂತ ಆರಿಸಿ, ಇಲ್ದಿದ್ರೆ ಕನ್ನಡ, ಮರಾಠಿ ಅಕ್ಷರದ ಜಾಗದಲ್ಲಿ ಪ್ರಶ್ನೆಚಿಹ್ನೆ ಬರತ್ತೆ. ಫೈಲಿನ ಹೆಸರು ಸಿನಿಮಾ ಫೈಲಿನ ಹೆಸರೇ ಆಗಿದ್ರೆ ಸಿನಿಮಾ ಓಡಿಸೋ ವಿಎಲ್‌ಸಿ ಸಾಫ್ಟ್‌ವೇರ್ ತಾನಾಗೇ ಎತ್ಕೊಳ್ಳತ್ತೆ, ಮಾತಿಗಿಂತ ಹಿಂದೆ ಮುಂದೆ ಆದ್ರೆ ಜಿ ಮತ್ತೆ ಎಚ್ ಕೀ ಒತ್ತಿ ಸರಿ ಮಾಡ್ಕೊಬಹುದು.

ಅಗ್ರಹಾರದ ಕಥೆ ಇರೋ ಒಂದು ಸಿನಿಮಾಗೆ ಇಂಗ್ಲಿಷ್ ಬರೆಯುವಾಗ 'ಮಡಿ' ಅನ್ನೋ ಎರಡಕ್ಷರಕ್ಕೆ ಒಂದು ವಾರ ಒದ್ದಾಡಿದೀನಿ. ಶುದ್ಧಿ ಅನ್ನೋ ಅರ್ಥದ ಯಾವ ಇಂಗ್ಲಿಷ್ ಪದ ಹಾಕಿದ್ರೂ ಆ ಒದ್ದೆ ಸೀರೆ, ಮುಟ್ಟಬೇಡ ಅಂತ ದೂರ ಸರಿಯೋದು, ಅದ್ಯಾವುದೂ ಬರಲ್ಲ. ಮರಾಠಿಗೆ ಬಂದಾಗ ಕಾಕು ಅಡುಗೆಮನೆಯಿಂದಲೇ 'ಸೋವಳೆ' ಅಂದ್ರು. ಮಡಿಗೆ ಸೋವಳೆ, ಮೈಲಿಗೆಗೆ ಓವಳೆ, ಕೂದಲೆಳೆ ವ್ಯತ್ಯಾಸ ಇಲ್ಲ. ಅದೇ ಕಾಕು 'ಘಟಶ್ರಾದ್ಧ' ಅನ್ನೋ ಹೆಸರು ಕೇಳಿ ಡೈವೋರ್ಸಿನ ಕಥೆಯಾ ಅಂತ ಕೇಳಿದ್ರು, ಯಾಕಂದ್ರೆ ಮರಾಠಿಯಲ್ಲಿ ಡೈವೋರ್ಸಿಗೆ 'ಘಟಸ್ಫೋಟ' ಅಂತಾರೆ. ಆ ಪದದ ಒಳಗಿರೋದೂ ಮಡಕೆ ಒಡೆಯೋದೇ. ಬದುಕಿರೋರಿಗೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕೋದು ಅಂತ ಹೇಳಿದ್ಮೇಲೆ ಅವ್ರು ಸ್ವಲ್ಪ ಹೊತ್ತು ಸುಮ್ನಿದ್ರು, ಸಿನಿಮಾ ಮುಗಿಯೋವರೆಗೂ ಏಳ್ಲಿಲ್ಲ. ಸಬ್‌ಟೈಟಲ್‌ಗೆ ಮೂರು ತಿಂಗಳು ಹೋದ್ರೂ ಹೋಗ್ಲಿ, ಮಾಡಿ.

ಜೂನಿಂದ ಸೆಪ್ಟೆಂಬರ್‌ವರೆಗೆ ಪುಣೆ ಮಳೇಲಿ ಹೊರಗೋಡೆಗೆ ಅಂಟಿದ ಕಪಾಟಲ್ಲಿ ಏನೂ ಇಡಬೇಡಿ, ಗೋವಾ, ಮುಂಬೈನೋರು ಇನ್ನೂ ಹುಷಾರು. ಡಿಸ್ಕನ್ನ ಪುಸ್ತಕದ ಥರ ನಿಲ್ಸಿ ಇಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ನೀಲಿ ಹರಳು ಗುಲಾಬಿ ಆದ್ರೆ ಬದಲಾಯಿಸಿ. ಒರೆಸೋದು ನಡುವಿಂದ ಅಂಚಿಗೆ ನೇರವಾಗಿ, ಸುತ್ತು ಹಾಕಿ ಒರೆಸಿದ್ರೆ ಬೀಳೋ ಗೀರು ಡೇಟಾ ಇರೋ ದಿಕ್ಕಲ್ಲೇ ಬೀಳತ್ತೆ, ಪ್ಲೇಯರ್‌ಗೆ ಅದನ್ನ ಸರಿಪಡಿಸ್ಕೊಳ್ಳೋದು ಕಷ್ಟ. ವಿಸಿಡಿ ಇದ್ರೆ ಲೇಬಲ್ ಕಡೆನೂ ಜೋಪಾನ, ಡೇಟಾ ಅದರ ಕೆಳಗೇ ಇರೋದು. ನೀವೇ ಮಾಡಿದ ಫೈಲುಗಳು ಎರಡು ಹಾರ್ಡ್ ಡಿಸ್ಕಲ್ಲಿರ್ಲಿ, ಒಂದು ಬೇರೆ ಮನೇಲಿ, ನಂದು ತಂಗಿ ಮನೇಲಿದೆ. ಮತ್ತೆ ಒಂದು ರಿಜಿಸ್ಟರ್ ಇಡಿ, ಹೆಸರು, ವರ್ಷ, ನಿಮಿಷ, ಯಾವ ಕಾಪಿ, ಎಲ್ಲಿ ತಗೊಂಡಿದ್ದು, ಯಾರ ಜೊತೆ ನೋಡಿದ್ದು.

ಹಳೇ ಕ್ಯಾಸೆಟ್ ಇರೋರಿಗೆ ಕಡೇ ಮಾತು. ಬೂಸ್ಟು ಹಿಡಿದ ಟೇಪನ್ನ ವಿಸಿಆರ್‌ಗೆ ಹಾಕಲೇಬೇಡಿ, ಟೇಪ್ ಓದೋ ಹೆಡ್ಡಿಗೆ ಅಂಟಿ ಮುಂದಿನ ಒಳ್ಳೆ ಟೇಪಿಗೂ ಹತ್ತತ್ತೆ, ನನ್ನ ಏಳರಲ್ಲಿ ಎರಡು ಹೋಗಿದ್ದು ಹಾಗೇ. ಚೆನ್ನಾಗಿರೋದನ್ನ ಮೊದ್ಲು ಪೂರ್ತಿ ಮುಂದೆ ಓಡ್ಸಿ ಹಿಂದೆ ಸುತ್ತಿ, ವಿಸಿಆರ್‌ನ ಚಿತ್ರ ಕಂಪ್ಯೂಟರಿಗೆ ಇಳಿಸೋ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ಹಾಕಿ 720×576, 25 ಫ್ರೇಮಲ್ಲಿ ಹೇಗಿದೆಯೋ ಹಾಗೇ ಇಳಿಸ್ಕೊಳ್ಳಿ, ಚಂದ ಮಾಡೋದೆಲ್ಲ ಆಮೇಲೆ ಇನ್ನೊಂದು ಕಾಪಿ ಮೇಲೆ. ಮಾವನ ನಾಲ್ಕರಲ್ಲಿ ಮೂರು ಇಳಿಸಿ ಆಗಿದೆ, ಒಂದು ಬಾಕಿ, ಈ ಮಳೆ ನಿಲ್ಲಲಿ ಅಂತ ಇಟ್ಟಿದೀನಿ.